ಊರಿಗೊಬ್ಬ ಮೇಯರ್, ಚರ್ಚಿನ ಸೂರಿಗೂ ಅವರೇ

ಮಿತ್ರರೇ,

ಫ್ರಾನ್ಸಿನಲ್ಲಿ ತೊಂಬತ್ತು ಜನರ ಹಳ್ಳಿಗೂ ಒಬ್ಬ ಮೇಯರ್ ಇರುತ್ತಾರೆ ಅಂತ ಹೋದ ಸಂಚಿಕೆಯಲ್ಲಿ ಓದಿ ನಗು ಬಂತು ಎಂದು ಬರೆದಿದ್ದೀರಿ. ‘ನಮ್ಮ ಹಾಗೆ ನಾಲ್ಕೈದು ಊರಿಗೆ ಒಂದು ಪಂಚಾಯಿತಿ ಮಾಡಿದರೆ ಖರ್ಚು ಉಳಿಯೋದಿಲ್ವಾ?’ ಅನ್ನೋದು ನಿಮ್ಮ ಪ್ರಶ್ನೆ.

ಪ್ಯಾರಿಸ್‌ನಲ್ಲಿ ಕೂತವರಿಗೂ ಇದು ಹೊಳೆದಿತ್ತು. 1971ರಲ್ಲಿ ಊರುಗಳನ್ನು ಸೇರಿಸಲು ಕಾನೂನನ್ನೇ ತಂದರು. ಹಳ್ಳಿಗಳು ಜಗ್ಗಲಿಲ್ಲ. ಇವತ್ತಿಗೂ ಅಲ್ಲಿ ಸುಮಾರು 35 ಸಾವಿರ ‘ಕಮ್ಯೂನ್’ಗಳಿವೆ, ಅಂದರೆ ತಮ್ಮದೇ ಮೇಯರ್ ಇರುವ ಊರುಗಳು. ಅರ್ಧಕ್ಕಿಂತ ಜಾಸ್ತಿ ಕಡೆ 500 ಜನವೂ ಇಲ್ಲ. ಈಶಾನ್ಯ ಫ್ರಾನ್ಸಿನ ವೆರ್ದಾಂ ಪಟ್ಟಣದ ಹತ್ತಿರ ಆರು ಹಳ್ಳಿಗಳು ಮೊದಲ ಮಹಾಯುದ್ಧದಲ್ಲಿ ನೆಲಸಮವಾದವು. ಅಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಆದರೂ ಸತ್ತ ಊರಿನ ನೆನಪಿಗೆ ಸರ್ಕಾರ ಮೇಯರ್‌ನ ನೇಮಿಸುತ್ತದೆ. ಇದಕ್ಕೆ ನನಗಂತೂ ನಗು ಬರಲಿಲ್ಲ.

ನೂರಕ್ಕಿಂತ ಕಡಿಮೆ ಜನರ ಊರಲ್ಲಿ ಊರ ಸಭೆಗೆ ಏಳು ಸದಸ್ಯರು. ಅವರೇ ತಮ್ಮಲ್ಲೊಬ್ಬರನ್ನು ಆರು ವರ್ಷಕ್ಕೆ ಮೇಯರ್ ಮಾಡುತ್ತಾರೆ. ಹುಟ್ಟು, ಸಾವು ಬರೆದುಕೊಳ್ಳುವುದು ಅವರ ಕೆಲಸ. ಚರ್ಚಿನಲ್ಲಿ ಎಷ್ಟೇ ಅದ್ದೂರಿಯಾಗಿ ಮದುವೆಯಾದರೂ ಕಾನೂನಿಗೆ ಅದು ಮದುವೆಯಲ್ಲ. ಮೊದಲು ಊರ ಕಚೇರಿಗೆ ಬರಬೇಕು. ಬೆಳಿಗ್ಗೆ ಹಸು ಕರೆದು ಬಂದ ರೈತರೇ ಮೇಯರ್ ಇರಬಹುದು, ಹೆಗಲಿಗೆ ಮೂರು ಬಣ್ಣದ ಪಟ್ಟಿ ಹಾಕಿಕೊಂಡು ಗಂಡಹೆಂಡಿರ ಕರ್ತವ್ಯದ ಕಲಮುಗಳನ್ನು ಗಟ್ಟಿಯಾಗಿ ಓದುತ್ತಾರೆ. ಅಷ್ಟು ಹೊತ್ತೂ ಬಾಗಿಲು ತೆರೆದೇ ಇರಬೇಕು. ಯಾರು ಬೇಕಾದರೂ ಒಳಗೆ ಬಂದು ತಕರಾರು ಹೇಳಬಹುದಲ್ಲ!

ನಿಜವಾದ ತಲೆನೋವು ಚರ್ಚಿನ ಸೂರು. 1905ರಲ್ಲಿ ಧರ್ಮವನ್ನೂ ಸರ್ಕಾರವನ್ನೂ ಬೇರೆ ಮಾಡಿದರು. ಅದಕ್ಕೂ ಮೊದಲು ಕಟ್ಟಿದ ಹಳ್ಳಿ ಚರ್ಚುಗಳು ಬಹುತೇಕ ಊರಿನ ಆಸ್ತಿಯಾದವು. ಪೂಜೆ ಪಾದ್ರಿಯದು, ಸೋರುವ ಮಾಡು ಮೇಯರ್‌ದು. ಅವರು ದೇವರನ್ನು ನಂಬದಿದ್ದರೂ ಹೆಂಚಿನ ಬಿಲ್ಲು ತಪ್ಪೋದಿಲ್ಲ. ಅಷ್ಟು ದುಡ್ಡು ತೊಂಬತ್ತು ಮನುಷ್ಯರ ತೆರಿಗೆಯಲ್ಲಿ ಹುಟ್ಟುತ್ತಾ? ಅರ್ಜಿ ಹಿಡಿದು ಜಿಲ್ಲೆ, ಪ್ರಾಂತ್ಯ ಅಂತ ಅಲೆಯಬೇಕು.

ನೀವು ಕೇಳಿದ್ದು ಅರ್ಧ ಆಗಿಯೂ ಹೋಗಿದೆ. 2015ರ ಕಾನೂನು ಬಂದಮೇಲೆ ಹಳ್ಳಿಗಳೆಲ್ಲ ಸಾಮಾನ್ಯವಾಗಿ ಕನಿಷ್ಠ 15 ಸಾವಿರ ಜನರ ಒಕ್ಕೂಟಕ್ಕೆ ಸೇರಬೇಕಾಯಿತು. ಕಸ ಸಾಗಿಸುವಂಥ ಕೆಲಸಗಳ ತೀರ್ಮಾನ ಈಗ ಅಲ್ಲೇ. ಆದರೆ ಕಸದ ಗಾಡಿ ಬರದಿದ್ದರೆ ಬೈಗುಳ ತಿನ್ನುವುದು ಯಾರು? ಊರ ಮೇಯರ್. ನನ್ನ ತಕರಾರು ಇಲ್ಲಿದೆ. ಕುರ್ಚಿ ಅಲ್ಲೇ ಬಿಟ್ಟು, ಅಧಿಕಾರ ಮಾತ್ರ ಎತ್ತಿಕೊಂಡು ಹೋದರು.

ಖರ್ಚಿನ ಮಾತಿಗೆ ಬಂದರೆ, ಎಷ್ಟೋ ಕಡೆ ಒಬ್ಬರೇ ಗುಮಾಸ್ತರು ಎರಡು ಮೂರು ಊರಿಗೆ ಕಾರಿನಲ್ಲಿ ಸುತ್ತುತ್ತಾರೆ. ಒಂದೊಂದು ಕಚೇರಿ ತೆರೆಯುವುದು ವಾರಕ್ಕೆ ಒಂದೋ ಎರಡೋ ಹೊತ್ತು. ಉಳಿದ ದಿನ ಜನ ನೇರ ಮೇಯರ್ ಮನೆ ಬಾಗಿಲನ್ನೇ ತಟ್ಟುತ್ತಾರೆ.

– ಸಂ.