ಅಜ್ಜಿಯ ಪ್ರಶ್ನೆಯಿಂದ ಶುರು ಮಾಡಿ

ಸಿಂಧನೂರಿನ ಗೆಳೆಯರೇ, ನಮಸ್ಕಾರ.

ಹಳೆಯ ಮತ್ತು ಹೊಸ ಗೂಢಚಾರ ಸಿನಿಮಾಗಳ ಬಗ್ಗೆ ನೀವು ರಾಯಚೂರಿನ ನಮ್ಮ ಪತ್ರಿಕೆಗೆ ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಇದನ್ನು ಅಚ್ಚು ಹಾಕಲು ಆಗುವುದಿಲ್ಲ. ಆದರೆ ಐದನೇ ಪುಟದಲ್ಲಿ ನಾಲ್ಕು ಸಾಲುಗಳಿವೆ. ಅವು ನನ್ನನ್ನು ಬಿಡಲಿಲ್ಲ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನಿಮ್ಮ ಮಾತಿನ ಸಾರ ಇಷ್ಟು: ಹಳೆಯದರಲ್ಲಿ ಕಥೆ ಇತ್ತು, ತಾಳ್ಮೆ ಇತ್ತು, ಹೊಸದರಲ್ಲಿ ಬರೀ ಗದ್ದಲ. ಹೀಗೆ ಹೇಳುವವರು ಬಹಳ ಜನ ಇದ್ದಾರೆ. ಅದರಲ್ಲಿ ಸ್ವಲ್ಪ ಸತ್ಯವೂ ಇದೆ. ಆದರೆ ನೀವು ಆ ಚಿತ್ರಗಳನ್ನು ಮತ್ತೆ ನೋಡದೆ, ಸುಮ್ನೆ ನೆನಪಿನ ಮೇಲೆ ಬರೆದಿದ್ದೀರಿ ಅನ್ನಿಸಿತು.

1963ರ ಜೇಮ್ಸ್ ಬಾಂಡ್ ಚಿತ್ರ 'ಫ್ರಮ್ ರಷ್ಯಾ ವಿತ್ ಲವ್' ನಿಧಾನದ ಕಾಲದ್ದು ಎಂದಿದ್ದೀರಿ. ರೈಲು ಡಬ್ಬಿಯೊಳಗಿನ ಆ ಹೊಡೆದಾಟವನ್ನು ಇನ್ನೊಮ್ಮೆ ನೋಡಿ. ಎಡಿಟರ್ ಪೀಟರ್ ಹಂಟ್ ಅದನ್ನು ಚಕಚಕನೆ ಕತ್ತರಿಸಿ ಜೋಡಿಸಿದ್ದಾರೆ. ಇವತ್ತು ನಿಮಗೆ ಕಿರಿಕಿರಿ ಮಾಡುವ ವೇಗ ಅಲ್ಲೇ ಇದೆ. ಹಾಗಾದರೆ ತಾಳ್ಮೆ ಎಲ್ಲಿದೆ? ಹೊಡೆದಾಟಕ್ಕೆ ಮುಂಚೆ ಇದೆ. ಕೊಲ್ಲಲು ಬಂದವನು ಸ್ನೇಹಿತನ ವೇಷದಲ್ಲಿ ಬಾಂಡ್ ಜೊತೆ ಊಟಕ್ಕೆ ಕೂರುತ್ತಾನೆ. ಮೀನಿನ ಜೊತೆ ಕೆಂಪು ವೈನ್ ತರಿಸುತ್ತಾನೆ. ಇಂಗ್ಲೆಂಡಿನ ದೊಡ್ಡ ಮನೆತನದವರು ಹಾಗೆ ಕುಡಿಯುವುದಿಲ್ಲ. ಅದೇ ಸುಳಿವು. ಬಾಂಡ್‌ಗೆ ಅದು ಹೊಳೆಯುವುದು ಪಿಸ್ತೂಲು ತನ್ನ ಕಡೆ ತಿರುಗಿದ ಮೇಲೆ.

ಇದರ ಪಕ್ಕದಲ್ಲಿ 2002ರ 'ದಿ ಬೋರ್ನ್ ಐಡೆಂಟಿಟಿ' ಇಟ್ಟು ನೋಡಿ. ಪ್ಯಾರಿಸ್‌ನ ಒಂದು ಮನೆ. ಕಿಟಕಿ ಒಡೆದುಕೊಂಡು ಒಬ್ಬ ಒಳಗೆ ನುಗ್ಗುತ್ತಾನೆ. ಮಾತಿಲ್ಲ, ಊಟವಿಲ್ಲ. ಕೈಗೆ ಸಿಕ್ಕ ಪೆನ್ನೇ ಆಯುಧ. ಇಲ್ಲೂ ಇಕ್ಕಟ್ಟಾದ ಜಾಗ, ಇಲ್ಲೂ ಇಬ್ಬರೇ. ಆದರೆ ಈ ನಾಯಕನಿಗೆ ತಾನು ಯಾರು ಅನ್ನುವುದೇ ಗೊತ್ತಿಲ್ಲ. ತನ್ನ ಕೈ ಈ ಹೊಡೆತಗಳನ್ನು ಎಲ್ಲಿ ಕಲಿಯಿತು ಎಂದು ಅವನಿಗೇ ಭಯ. ಹಳೆಯ ಗೂಢಚಾರನಿಗೆ ಎದುರಿಗೆ ಕೂತವನ ಮೇಲೆ ಅನುಮಾನ. ಹೊಸಬನಿಗೆ ತನ್ನನ್ನು ತಯಾರು ಮಾಡಿದ ಕಚೇರಿಯ ಮೇಲೇ ಅನುಮಾನ. ನೀವು ಬರೆಯಬೇಕಾದ ವ್ಯತ್ಯಾಸ ಇದು, ಅಲ್ವಾ? ಎರಡು ದೃಶ್ಯ ಎದುರುಬದುರು ಇಟ್ಟರೆ ಓದುಗರಿಗೆ ತಾನಾಗಿ ಕಾಣುತ್ತದೆ. ಅದನ್ನು ಬಿಟ್ಟು 'ಮೈನವಿರೇಳಿಸುವ' ಅನ್ನುವ ಪದವನ್ನು ಒಂಬತ್ತು ಸಲ ಬಳಸಿದ್ದೀರಿ. ಒಂಬತ್ತನ್ನೂ ಹೊಡೆದುಹಾಕಿ.

ಆಗಿನ ಬಾಂಡ್‌ಗೆ ಶತ್ರು ಯಾವಾಗಲೂ ರಷ್ಯಾ ಎಂದು ಬರೆದಿದ್ದೀರಿ. ತಪ್ಪು. ನೀವು ಉದಾಹರಣೆ ಕೊಟ್ಟ ಆ ಚಿತ್ರದಲ್ಲೇ ಸಂಚು ಮಾಡುವುದು ಸ್ಪೆಕ್ಟರ್ ಎಂಬ ಗುಂಪು. ಕಾದಂಬರಿಯಲ್ಲಿ ರಷ್ಯದ ಸಂಸ್ಥೆ ಇತ್ತು, ಸಿನಿಮಾದವರು ಬದಲಾಯಿಸಿದರು. ಇನ್ನು ಯಂತ್ರಗಳ ಬಗ್ಗೆ ಒಂದೂವರೆ ಪುಟ ಜಾಸ್ತಿಯಾಯಿತು. 1964ರ 'ಗೋಲ್ಡ್‌ಫಿಂಗರ್' ಕಾರಿನಲ್ಲಿ ಪಕ್ಕದವನನ್ನು ಸೀಟು ಸಮೇತ ಮೇಲಕ್ಕೆ ಎಸೆಯುವ ಗುಂಡಿ ಇತ್ತು. 2012ರ 'ಸ್ಕೈಫಾಲ್'ನಲ್ಲಿ ಬಾಂಡ್ ಕೈಗೆ ಕೊಡುವುದು ಒಂದು ಪಿಸ್ತೂಲು, ಒಂದು ಪುಟ್ಟ ರೇಡಿಯೋ. ಹೊಸದರಲ್ಲಿ ಯಂತ್ರವೇ ಎಲ್ಲ ಎಂಬ ನಿಮ್ಮ ಮಾತಿಗೆ ಇದು ಉಲ್ಟಾ.

ಈಗ ಆ ನಾಲ್ಕು ಸಾಲು. ನಿಮ್ಮ ಅಪ್ಪ ಹುಡುಗನಾಗಿದ್ದಾಗ ಟೆಂಟಿನಲ್ಲಿ ಮರಳಿನ ಮೇಲೆ ಕೂತು 'ಮಂತ್ರಾಲಯ ಮಹಾತ್ಮೆ' ನೋಡಿದ್ದು. ರಾಜ್‌ಕುಮಾರ್ ರಾಯರಾಗಿ ಬಂದಾಗ ಅಜ್ಜಿ ಚಪ್ಪಲಿ ಬಿಟ್ಟು ಕೈ ಮುಗಿದದ್ದು. ಆಮೇಲೆ ಅದೇ ಟೆಂಟಿಗೆ 'ಜೇಡರ ಬಲೆ' ಬಂದದ್ದು. ಸೂಟು, ಪಿಸ್ತೂಲು ನೋಡಿ ಅಜ್ಜಿ, "ಇವ್ರು ನಮ್ಮ ರಾಯರಲ್ಲೇನಪಾ?" ಎಂದು ಕೇಳಿದ್ದು.

ಇಂಥದ್ದನ್ನು ಕೈಯಲ್ಲಿಟ್ಟುಕೊಂಡು ಮೊದಲ ನಾಲ್ಕು ಪುಟ ಲಂಡನ್ ಸುತ್ತಿದ್ದೀರಲ್ಲ! 'ಮಂತ್ರಾಲಯ ಮಹಾತ್ಮೆ' 1966ರದು, ದೊರೈ-ಭಗವಾನ್ ಜೋಡಿಯ 'ಜೇಡರ ಬಲೆ' 1968ರದು. ನಡುವೆ ಎರಡೇ ವರ್ಷ. ಶಾನ್ ಕಾನರಿ ಬಾಂಡ್ ಆದಾಗ ಅಷ್ಟೇನೂ ಹೆಸರು ಮಾಡಿರದ ನಟ. ಜನ ಅವರನ್ನು ಸೂಟಿನ ಸಮೇತವೇ ಒಪ್ಪಿಕೊಂಡರು. 'ಜೇಡರ ಬಲೆ'ಯಲ್ಲಿ ರಾಜ್‌ಕುಮಾರ್ ಮಾಡಿದ ಏಜೆಂಟ್, ನಮ್ಮ ಸಿ.ಐ.ಡಿ. 999, ಹಾಗಲ್ಲ. ಮಂತ್ರಾಲಯಕ್ಕೆ ಹೋಗಿ ಬರುವ ನಮ್ಮ ಜನರ ಕಣ್ಣಿಗೆ ಆ ಮುಖ ಆಗಲೇ ಪೂಜೆಯ ಮುಖ. ಆಮೇಲೆ 1978ರ 'ಆಪರೇಷನ್ ಡೈಮಂಡ್ ರಾಕೆಟ್'ವರೆಗೆ ಅದೇ ಏಜೆಂಟ್ ಮತ್ತೆ ಮತ್ತೆ ಬಂದರು. ಇಂದಿನ ಗೂಢಚಾರ ಚಿತ್ರಗಳಲ್ಲಿ ಇಂಥ ಬೆರಗು ನನಗೆ ಕಂಡಿಲ್ಲ. ಹೊಸದರ ಮೇಲೆ ನಿಮಗೆ ದೂರು ಇದ್ದರೆ ಇಲ್ಲಿಂದ ಎತ್ತಿ. ಇದು ನಿಮ್ಮದೇ ದೂರಾಗುತ್ತದೆ.

ತೆಲುಗನ್ನು ಪೂರ್ತಿ ಮರೆತಿದ್ದೀರಿ. ನಮ್ಮ ಕಡೆ ತೆಲುಗು ಸಿನಿಮಾ ಎಂದರೆ ಮನೆಯ ಸಿನಿಮಾನೇ. ಕೃಷ್ಣ ನಟಿಸಿದ 'ಗೂಢಚಾರಿ 116' ಬಂದದ್ದೂ 1966ರಲ್ಲೇ. ಮರುವರ್ಷ ಅದು ಹಿಂದಿಯಲ್ಲಿ 'ಫರ್ಜ್' ಆಯಿತು. 2018ರಲ್ಲಿ ಅಡಿವಿ ಶೇಷ್ 'ಗೂಢಚಾರಿ' ಎಂಬ ಹೆಸರಿನಲ್ಲೇ ಹೊಸ ಕಾಲದ ಚಿತ್ರ ಮಾಡಿದರು. ಹಳೆಯದಕ್ಕೂ ಹೊಸದಕ್ಕೂ ಹೋಲಿಕೆ ನಿಮ್ಮ ಊರಲ್ಲೇ ಸಿಗುತ್ತದೆ.

ಒಂದು ಭಾನುವಾರ ಅಪ್ಪನ ಜೊತೆ ಕೂತು 'ಜೇಡರ ಬಲೆ', ಆಮೇಲೆ 2018ರ 'ಗೂಢಚಾರಿ' ನೋಡಿ. ಅವರು ಎಲ್ಲಿ ಮುಂದಕ್ಕೆ ಬಾಗಿ ನೋಡಿದರು, ಎಲ್ಲಿ ಎದ್ದು ನೀರು ಕುಡಿಯಲು ಹೋದರು, ಬರೆದುಕೊಳ್ಳಿ. ಎಂಟುನೂರು ಪದ ಸಾಕು. ಕೈಬರಹದಲ್ಲಿದ್ದರೂ ಪರವಾಗಿಲ್ಲ, ನಾವೇ ಟೈಪ್ ಮಾಡಿಸುತ್ತೇವೆ. ಮತ್ತೆ, ಅಜ್ಜಿ ಕೇಳಿದ ಪ್ರಶ್ನೆಗೆ ಅಪ್ಪ ಏನು ಉತ್ತರ ಕೊಟ್ಟರು ಎಂದು ನೀವು ಬರೆದೇ ಇಲ್ಲ. ಅದನ್ನು ಮೊದಲು ಕೇಳಿ.