ಪ್ರಾಗ್‌ನ ಗೋಲೆಮ್ ಮೇಲೆ ಪ್ರಾಜೆಕ್ಟ್ ಮಾಡಬಹುದಾ?

ಪ್ರಶ್ನೆ: ನಾನು ಎಂ.ಎಸ್ಸಿ. ಫಿಸಿಕ್ಸ್ ಮೊದಲ ವರ್ಷದಲ್ಲಿದ್ದೇನೆ. ಪ್ರಾಗ್‌ನಲ್ಲಿ ವಿದ್ಯಾರ್ಥಿಗಳಿಗಂತಲೇ ಗೋಲೆಮ್ ಎಂಬ ಚಿಕ್ಕ ಫ್ಯೂಶನ್ ಯಂತ್ರ ಇದೆ, ಅದನ್ನು ದೂರದಿಂದಲೂ ನಡೆಸಬಹುದು ಅಂತ ಕೇಳಿದೆ. ಅದರಲ್ಲಿ ನಿಜವಾಗಿ ಫ್ಯೂಶನ್ ಆಗುತ್ತಾ? ಇಲ್ಲಿಂದಲೇ ಪ್ರಾಜೆಕ್ಟ್ ಮಾಡಲು ಸಾಧ್ಯವಾ? ಇಲ್ಲದಿದ್ದರೆ ಕಾಲೇಜಲ್ಲೇ ಚಿಕ್ಕದೊಂದು ಕಟ್ಟಬಹುದಾ?
— ವಿದ್ಯಾರ್ಥಿನಿ, ಹಾಸನ

ಉತ್ತರ: ಮೊದಲ ಪ್ರಶ್ನೆಗೆ ನೇರ ಉತ್ತರ: ಫ್ಯೂಶನ್, ಅಂದರೆ ಹಗುರ ಪರಮಾಣುಗಳ ನ್ಯೂಕ್ಲಿಯಸ್‌ಗಳು ಒಂದಾಗಿ ಶಕ್ತಿ ಹೊಮ್ಮುವುದು, ಅಲ್ಲಿ ಆಗುವುದಿಲ್ಲ. ಫ್ರಾನ್ಸ್‌ನಲ್ಲಿ ಕಟ್ಟುತ್ತಿರುವ ಐಟರ್‌ನಂಥ ದೊಡ್ಡ ಫ್ಯೂಶನ್ ಯಂತ್ರಕ್ಕೆ ಸುಮಾರು 15 ಕೋಟಿ ಡಿಗ್ರಿ ಶಾಖ ಬೇಕು. ಗೋಲೆಮ್‌ನಲ್ಲಿ ಕೆಲವು ಲಕ್ಷ ಡಿಗ್ರಿ, ಅದೂ 20 ಮಿಲಿಸೆಕೆಂಡಿನ ಒಳಗೇ ಮುಗಿದುಹೋಗುತ್ತದೆ. ತುಂಬುವುದೂ ಫ್ಯೂಶನ್‌ಗೆ ಬೇಕಾದ ಭಾರದ ಹೈಡ್ರೋಜನ್ ಅಲ್ಲ, ಸಾಮಾನ್ಯ ಹೈಡ್ರೋಜನ್. ಆದರೆ ಇದರಿಂದ ಬೇಜಾರಾಗಬೇಡಿ. ಕಲಿಯುವವರಿಗೆ ಬೇಕಾದ ಪ್ಲಾಸ್ಮಾ (ಕರೆಂಟ್ ಹರಿಯುವಷ್ಟು ಕಾದ ಗ್ಯಾಸ್), ಕಾಂತಕ್ಷೇತ್ರ, ಅಳತೆ ಎಲ್ಲವೂ ಅಲ್ಲಿದೆ.

ಯಂತ್ರದ ಕಥೆಯೂ ಚೆನ್ನಾಗಿದೆ. 1960ರ ಆಸುಪಾಸಿನಲ್ಲಿ ಮಾಸ್ಕೋದ ಕುರ್ಚಟೋವ್ ಸಂಸ್ಥೆಯಲ್ಲಿ ಹುಟ್ಟಿ, 70ರ ದಶಕದಲ್ಲಿ ಪ್ರಾಗ್‌ಗೆ ಬಂದು, ಕೊನೆಗೆ ಜೆಕ್ ಟೆಕ್ನಿಕಲ್ ಯೂನಿವರ್ಸಿಟಿಯ ವಿದ್ಯಾರ್ಥಿಗಳ ಕೈ ಸೇರಿತು. ಪ್ರಾಗ್‌ನ ಯಹೂದಿಗಳ ಹಳೇ ಕಥೆಯಲ್ಲಿ ಬರುವ ಮಣ್ಣಿನ ಮನುಷ್ಯನ ಹೆಸರನ್ನೇ ಇಟ್ಟಿದ್ದಾರೆ. ಕೋಡುಬಳೆ ಆಕಾರದ ಉಕ್ಕಿನ ಕೊಳವೆ, ಅದರ ಉಂಗುರ ಮಧ್ಯದಿಂದ ಮಧ್ಯಕ್ಕೆ 80 ಸೆಂ.ಮೀ. ಅಷ್ಟೇ. ಒಂದು ಕೋಣೆಯಲ್ಲಿ ಹಿಡಿಸುತ್ತದೆ.

ಈಗ ಪ್ರಾಜೆಕ್ಟ್ ವಿಷಯ. ಅಲ್ಲಿ ಪ್ರತಿ ಶಾಟ್‌ಗೂ (ಯಂತ್ರವನ್ನು ಒಂದು ಸಲ ನಡೆಸುವುದಕ್ಕೂ) ಒಂದು ನಂಬರ್ ಇರುತ್ತದೆ, ಅದರ ಡೇಟಾ ಎಲ್ಲರಿಗೂ ತೆರೆದೇ ಇದೆ. ಹಾಗಾಗಿ ನೀವು ಇವತ್ತೇ ಶುರು ಮಾಡಬಹುದು. ದೊಡ್ಡ ವಿಷಯ ಹಿಡಿಯಬೇಡಿ, ಪ್ಲಾಸ್ಮಾದಲ್ಲಿ ಎಷ್ಟು ಕರೆಂಟ್ ಹರಿಯಿತು ಅನ್ನುವ ಒಂದೇ ಪ್ರಶ್ನೆ ಸಾಕು. ಕೇಳಲು ಸುಲಭ, ಅಲ್ವಾ? ಆದರೆ ಕೊಳವೆಯ ಸುತ್ತ ಇರುವ ರೊಗೊವ್ಸ್ಕಿ ಕಾಯಿಲ್ ಕರೆಂಟನ್ನು ತೋರಿಸುವುದಿಲ್ಲ, ಕರೆಂಟ್ ಎಷ್ಟು ಬೇಗ ಬದಲಾಗುತ್ತಿದೆ ಅನ್ನುವುದನ್ನು ಮಾತ್ರ ತೋರಿಸುತ್ತದೆ, ಆದ್ದರಿಂದ ನೀವೇ ಇಂಟಿಗ್ರೇಟ್ ಮಾಡಬೇಕು, ಆಗ ಸಿಗ್ನಲ್ ಸೊನ್ನೆಯಿಂದ ಒಂದು ಚೂರು ಸರಿದಿದ್ದರೂ ಆ ಚೂರೇ ಕೂಡುತ್ತಾ ಹೋಗಿ ಗ್ರಾಫ್ ಓರೆಯಾಗಿ ಮೇಲೇರಿಬಿಡುತ್ತದೆ. ಅದನ್ನು ತಪ್ಪಿಸಲು ಶಾಟ್ ಶುರುವಾಗುವ ಮುಂಚಿನ ಸಿಗ್ನಲ್‌ನ ಸರಾಸರಿ ತೆಗೆದು ಕಳೆಯಬೇಕು.

ಅಷ್ಟಕ್ಕೇ ಮುಗಿಯಲಿಲ್ಲ. ಉಕ್ಕಿನ ಕೊಳವೆಯಲ್ಲೂ ಕರೆಂಟ್ ಹರಿಯುತ್ತದೆ, ಕಾಯಿಲ್ ಅದನ್ನೂ ಸೇರಿಸಿಯೇ ಅಳೆಯುತ್ತದೆ! ಅದರ ಪಾಲು ಎಷ್ಟು ಅಂತ ತಿಳಿಯಲು ಗ್ಯಾಸ್ ಹಾಕದೆ ಒಂದು ಶಾಟ್ ಹೊಡೆಯುತ್ತಾರೆ. ಕೊಳವೆಯ ರೆಸಿಸ್ಟೆನ್ಸ್ ಸುಮಾರು 10 ಮಿಲಿಓಮ್. ಅಂದರೆ 10 ವೋಲ್ಟ್ ಬಿದ್ದಾಗ 1,000 ಆಂಪಿಯರ್ ಉಕ್ಕಿನದೇ. ಅದನ್ನು ಕಳೆದ ಮೇಲೆ ಉಳಿದದ್ದು ಪ್ಲಾಸ್ಮಾದ್ದು. ನನ್ನ ಪ್ರಕಾರ ಇಡೀ ಪ್ರಾಜೆಕ್ಟ್‌ನಲ್ಲಿ ಇದೇ ಅತ್ಯಂತ ಚೆಂದದ ಹೆಜ್ಜೆ, ಇದನ್ನು ಅವಸರದಲ್ಲಿ ದಾಟಬೇಡಿ.

ಆಮೇಲೆ ವೋಲ್ಟೇಜನ್ನು ಆ ಕರೆಂಟಿನಿಂದ ಭಾಗಿಸಿದರೆ ಪ್ಲಾಸ್ಮಾದ ರೆಸಿಸ್ಟೆನ್ಸ್ ಸಿಗುತ್ತದೆ. ತಾಮ್ರ ಕಾದಷ್ಟೂ ರೆಸಿಸ್ಟೆನ್ಸ್ ಜಾಸ್ತಿ, ಪ್ಲಾಸ್ಮಾ ಕಾದಷ್ಟೂ ಕಡಿಮೆ. ಇದನ್ನೇ ಹಿಡಿದು ಒಳಗೆ ಥರ್ಮಾಮೀಟರ್ ಇಡದೆ ಎಲೆಕ್ಟ್ರಾನ್‌ಗಳ ಶಾಖ ಲೆಕ್ಕ ಹಾಕಬಹುದು. ಗ್ಯಾಸ್ ಒತ್ತಡ ಬೇರೆ ಬೇರೆ ಇರುವ ಹತ್ತು ಶಾಟ್ ಆರಿಸಿಕೊಂಡು ಗ್ರಾಫ್ ಬರೆಯಿರಿ. ನೀವೇ ಶಾಟ್ ಹೊಡೆಯಬೇಕು ಅಂತಿದ್ದರೆ ನಿಮ್ಮ ಗೈಡ್ ಕಡೆಯಿಂದ ಅಲ್ಲಿಗೆ ಬರೆಸಿ, ಬೇರೆ ದೇಶದ ಗುಂಪುಗಳಿಗೂ ಅವರು ಅವಕಾಶ ಕೊಡುತ್ತಾರೆ.

ಕಾಲೇಜಲ್ಲಿ ಕಟ್ಟುವ ಆಸೆ ಮಾತ್ರ ದಯವಿಟ್ಟು ಬಿಡಿ. ಹವ್ಯಾಸಿಗಳು ಕಟ್ಟುವ ಫ್ಯೂಸರ್ ಎಂಬ ಚಿಕ್ಕ ಫ್ಯೂಶನ್ ಯಂತ್ರಕ್ಕೆ ಹತ್ತಾರು ಸಾವಿರ ವೋಲ್ಟ್ ಬೇಕು, ಎಕ್ಸ್‌ರೇ ಹೊರಗೆ ಬರುತ್ತದೆ. ಅನುಭವ ಇರುವವರು ಪಕ್ಕದಲ್ಲಿ ಇಲ್ಲದೆ ಅದನ್ನು ಮುಟ್ಟಲೇಬಾರದು. ಯಂತ್ರವನ್ನು ಹತ್ತಿರದಿಂದ ನೋಡಲೇಬೇಕು ಅಂದರೆ ಗುಜರಾತಿನ ಗಾಂಧಿನಗರದಲ್ಲಿ ಇನ್‌ಸ್ಟಿಟ್ಯೂಟ್ ಫಾರ್ ಪ್ಲಾಸ್ಮಾ ರಿಸರ್ಚ್ ಇದೆ. ಅಲ್ಲಿ 1989ರಲ್ಲಿ ಶುರುವಾದ ಆದಿತ್ಯ ಟೊಕಮಾಕ್ (ಗೋಲೆಮ್‌ನಂಥದೇ ಉಂಗುರದಾಕಾರದ ಯಂತ್ರ) ಹೊಸ ರೂಪದಲ್ಲಿ ಈಗಲೂ ಇದೆ. ಬೇಸಿಗೆಯಲ್ಲಿ ಎಂ.ಎಸ್ಸಿ. ವಿದ್ಯಾರ್ಥಿಗಳಿಗೆ ಪ್ರಾಜೆಕ್ಟ್ ಕೊಡುವ ಸಮ್ಮರ್ ಸ್ಕೂಲ್ ನಡೆಸುತ್ತಾರೆ. ಗೋಲೆಮ್ ಡೇಟಾ ಮೇಲೆ ಮಾಡಿದ ಗ್ರಾಫ್‌ಗಳನ್ನು ಆ ಅರ್ಜಿಯ ಜೊತೆಗೇ ಇಡಿ.