ಗ್ರೂಪ್‌ಬೈ ಮಾಡಿದರೆ ಸ್ಟ್ಯಾಂಡರ್ಡ್ ಡಿವಿಯೇಶನ್ ಮಾತ್ರ ಖಾಲಿ ಬರುತ್ತಿದೆ, ಯಾಕೆ?

ನೀವು ಕೇಳುತ್ತಿರುವುದು ಇದು ಅಲ್ವಾ: ತಾಲ್ಲೂಕುವಾರು ಮಳೆಯ ಎಕ್ಸೆಲ್ ಶೀಟನ್ನು ಪೈಥಾನ್‌ನ ಡೇಟಾ ಲೈಬ್ರರಿಯಾದ ಪಾಂಡಾಸ್‌ಗೆ ಓದಿಸಿ, ಜಿಲ್ಲೆಯ ಮೇಲೆ ಗ್ರೂಪ್‌ಬೈ ಮಾಡಿದ್ದೀರಿ, ಅಂದರೆ ಒಂದೊಂದು ಜಿಲ್ಲೆಯ ಸಾಲುಗಳನ್ನು ಒಂದೊಂದು ಗುಂಪು ಮಾಡಿದ್ದೀರಿ. 31 ಜಿಲ್ಲೆಗಳೂ ಬಂದವು, ಸರಾಸರಿಯೂ ಬಂತು. ಸ್ಟ್ಯಾಂಡರ್ಡ್ ಡಿವಿಯೇಶನ್ (ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ) ಮಾತ್ರ ಎಲ್ಲ ಕಡೆ ‘ನ್ಯಾನ್’, ಅಂದರೆ ಅಂಕಿಯೇ ಇಲ್ಲ.

ಶೀಟ್ ತೆರೆದು ನೋಡಿ, ಜಿಲ್ಲೆಯ ಹೆಸರು ಮರ್ಜ್ ಮಾಡಿದ ಸೆಲ್‌ನಲ್ಲಿ ಇದೆಯಾ? ಇದೇ ಇರುತ್ತದೆ ಅಂತ ನನ್ನ ಗುಮಾನಿ. ಇದೇ ಕಾರಣಕ್ಕೆ ನಾನು ಎರಡು ದಿನ ತಲೆ ಕೆರೆದುಕೊಂಡಿದ್ದೆ. ‘ಕೊಡಗು’ ಐದೂ ತಾಲ್ಲೂಕಿನ ಪಕ್ಕ ಹರಡಿಕೊಂಡಂತೆ ಕಾಣುತ್ತದೆ. ನಿಜಕ್ಕೂ ಹೆಸರು ಇರುವುದು ಮೇಲಿನ ಒಂದೇ ಸೆಲ್‌ನಲ್ಲಿ. ಉಳಿದ ನಾಲ್ಕು ಪಾಂಡಾಸ್ ಕಣ್ಣಿಗೆ ಖಾಲಿ. ಹೆಸರಿಲ್ಲದ ಸಾಲುಗಳನ್ನು ಗ್ರೂಪ್‌ಬೈ ಎರರ್ ಕೂಡ ಕೊಡದೆ ಸುಮ್ನೆ ಬಿಟ್ಟುಬಿಡುತ್ತದೆ.

ಹಾಗಾಗಿ ಪ್ರತಿ ಜಿಲ್ಲೆಗೂ ಉಳಿದದ್ದು ಒಂದೇ ಸಾಲು. ಸ್ಟ್ಯಾಂಡರ್ಡ್ ಡಿವಿಯೇಶನ್ ಲೆಕ್ಕ ಹಾಕುವಾಗ ಪಾಂಡಾಸ್ ಸಾಲುಗಳ ಸಂಖ್ಯೆಯಲ್ಲಿ ಒಂದು ಕಳೆದು, ಬಂದದ್ದರಿಂದ ಭಾಗಿಸುತ್ತದೆ. ಒಂದರಲ್ಲಿ ಒಂದು ಹೋದರೆ ಸೊನ್ನೆ, ಅದಕ್ಕೇ ನ್ಯಾನ್. ಡಿಡಿಒಎಫ್ (ಹೀಗೆ ಎಷ್ಟು ಕಳೆಯಬೇಕು ಎಂಬ ಆಯ್ಕೆ) ಸೊನ್ನೆ ಮಾಡಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ನ್ಯಾನ್ ಹೋಗಿ ಎಲ್ಲ ಕಡೆ ಸೊನ್ನೆ ಬರುತ್ತದೆ, ರೋಗ ಹಾಗೇ ಇರುತ್ತದೆ.

ಈಗ ನಿಮ್ಮ ಸರಾಸರಿಯನ್ನು ಇನ್ನೊಮ್ಮೆ ನೋಡಿ. ಅದು ಸರಾಸರಿಯೇ ಅಲ್ಲ, ಪಟ್ಟಿಯಲ್ಲಿ ಮೊದಲು ಬಂದ ತಾಲ್ಲೂಕಿನ ಮಳೆ. ಅಕಾರಾದಿಯಲ್ಲಿದ್ದರೆ ಕೊಡಗಿಗೆ ಕುಶಾಲನಗರದ ಅಂಕಿ ಬಂದಿರುತ್ತದೆ. ಮಡಿಕೇರಿಯ ಮಳೆ ಕಂಡವರು ಅದನ್ನು ನೋಡಿದರೆ ನಗುತ್ತಾರೆ. ಖಾಲಿ ಬಂದ ಕಾಲಂ ನಿಮ್ಮನ್ನು ಉಳಿಸಿದೆ ಅನ್ನಿ.

ಖಾತ್ರಿಯಾಗಬೇಕಾದರೆ ಗ್ರೂಪ್‌ಬೈ ನಂತರ ‘ಸೈಜ್’ (ಪ್ರತಿ ಗುಂಪಿನ ಸಾಲುಗಳ ಸಂಖ್ಯೆ) ಕೇಳಿ, ಅದನ್ನೆಲ್ಲ ಕೂಡಿಸಿ. ಶೀಟಿನ ಒಟ್ಟು ಸಾಲಿಗಿಂತ ಕಡಿಮೆ ಬಂದರೆ ಅಷ್ಟೂ ಸಾಲು ಬಿಟ್ಟುಹೋಗಿವೆ. ‘ಡ್ರಾಪ್‌ಎನ್‌ಎ’ ಎಂಬ ಗ್ರೂಪ್‌ಬೈ ಆಯ್ಕೆಯನ್ನು ಫಾಲ್ಸ್ ಮಾಡಿದರೆ ಅವೆಲ್ಲ ಒಂದೇ ಹೆಸರಿಲ್ಲದ ಗುಂಪಾಗಿ ಎದುರಿಗೆ ನಿಲ್ಲುತ್ತವೆ. ಪಾಂಡಾಸ್ 1.1ಕ್ಕಿಂತ ಹಳೆಯದಾದರೆ ಆ ಆಯ್ಕೆ ಇಲ್ಲ.

ಪರಿಹಾರ ‘ಎಫ್‌ಫಿಲ್’. ಅದು ಮೇಲಿನ ಹೆಸರನ್ನು ಕೆಳಗಿನ ಖಾಲಿ ಜಾಗಕ್ಕೆ ಇಳಿಸುತ್ತದೆ. ಜಿಲ್ಲೆಯ ಕಾಲಂಗೆ ಮಾತ್ರ ಮಾಡಿ. ಇಡೀ ಶೀಟಿಗೆ ಮಾಡಿದರೆ, ಮಳೆಯ ಅಂಕಿ ಇಲ್ಲದ ತಾಲ್ಲೂಕಿಗೆ ಮೇಲಿನ ತಾಲ್ಲೂಕಿನ ಮಳೆ ಸುರಿಯುತ್ತದೆ! ಜಿಲ್ಲೆಯ ಕೊನೆಗೆ ‘ಒಟ್ಟು’ ಅಂತ ಸಾಲಿದ್ದರೆ ಮೊದಲೇ ತೆಗೆಯಿರಿ, ಇಲ್ಲದಿದ್ದರೆ ಅದೂ ಒಂದು ತಾಲ್ಲೂಕಾಗಿ ಕೂರುತ್ತದೆ.

ಇಷ್ಟಾದ ಮೇಲೂ ಒಂದೆರಡು ಜಿಲ್ಲೆಗೆ ನ್ಯಾನ್ ಬಂದರೆ ಮಳೆಯ ಕಾಲಂನ ‘ಕೌಂಟ್’ ನೋಡಿ. ಅದು ಖಾಲಿ ಅಂಕಿಗಳನ್ನು ಎಣಿಸುವುದಿಲ್ಲ. ಅಲ್ಲಿ 1 ಇದ್ದರೆ ಒಂದೇ ತಾಲ್ಲೂಕಿನ ಅಂಕಿ ಸಿಕ್ಕಿದೆ ಎಂದರ್ಥ. ಆ ನ್ಯಾನ್ ಸರಿಯಾದದ್ದೇ, ಹಾಗೇ ಬಿಡಿ.